ಕಸದ ಗಾಡಿ ಏನೋ ಬಂತು, ಡೀಸೆಲ್‌ಗೆ ದುಡ್ಡೆಲ್ಲಿ?

ಹಬ್ಬಕ್ಕೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಏಳೂವರೆಗೆ ಹಾಡು ಹಾಕಿಕೊಂಡು ಪಂಚಾಯಿತಿ ಕಸದ ಗಾಡಿ ಬಂತು. ಓಡಿಸುತ್ತಿದ್ದವರು ಪಕ್ಕದ ಕೇರಿಯ ಹೆಂಗಸು. ನಾಲ್ಕು ವರ್ಷದ ಹಿಂದೆ ಸೈಕಲ್ಲೂ ಹತ್ತದಿದ್ದವರು ಈಗ ಆ ಕಿಷ್ಕಿಂಧೆ ಸಂದಿಯಲ್ಲಿ ಗಾಡಿ ರಿವರ್ಸ್ ತೆಗೆಯುವುದನ್ನು ನೋಡುತ್ತಾ ನಿಂತೆ. ಅಮ್ಮ ಒಂದು ಚೀಲ ಕೊಟ್ಟರು. ಆಕೆ ಸೀಟಿನ ಪಕ್ಕದಿಂದ ರಸೀದಿ ಪುಸ್ತಕ ತೆಗೆದು, "ಎಂಟು ತಿಂಗಳದ್ದು ಬಾಕಿ ಐತೆ ಅಣ್ಣ, ಇನ್ನೂರ ನಲವತ್ತು" ಅಂದರು.

ಜಗಲಿ ಮೇಲೆ ಕೂತಿದ್ದ ಅಪ್ಪ ಸುಮ್ಮನಿರಲಿಲ್ಲ. "ಗುಜರಿಯವನು ಬಾಟ್ಲಿ ತಗೊಂಡು ನಮಗೇ ದುಡ್ಡು ಕೊಡ್ತಾನೆ. ನೀವು ಕಸಾನೂ ತಗೊಂಡು ದುಡ್ಡೂ ಕೇಳ್ತೀರಲ್ಲವ್ವ, ಇದ್ಯಾವ ನ್ಯಾಯ?"

"ಗುಜರಿಯವ್ನು ಬ್ಯಾಡ ಅಂತ ಬಿಟ್ಟಿದ್ದಷ್ಟೇ ಮಾವ ನಮ್ ಗಾಡಿಗೆ ಬೀಳೋದು" ಎಂದು ನಕ್ಕು ಆಕೆ ಗೇರ್ ಹಾಕಿದರು.

ಆ ಒಂದು ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಹಸಿರು ಗ್ರಾಮ, ಸ್ವಚ್ಛ ಗ್ರಾಮ, ಸುಸ್ಥಿರ ಗ್ರಾಮ ಅಂತ ಎಷ್ಟೊಂದು ಬೋರ್ಡ್ ನೋಡುತ್ತೇವೆ ಅಲ್ವಾ? ಕೆಲವು ಪಂಚಾಯಿತಿಗಳಲ್ಲಿ ಕೆಲಸ ನಿಜವಾಗಿಯೂ ನಡೆಯುತ್ತದೆ. ಕೆಲವು ಕಡೆ ಆರು ತಿಂಗಳಿಗೆ ಶೆಡ್ಡಿಗೆ ಬೀಗ ಬೀಳುತ್ತದೆ. ಜನಕ್ಕೆ ಅರಿವಿಲ್ಲ, ಹಳ್ಳಿಯವರಿಗೆ ಶಿಸ್ತಿಲ್ಲ ಅಂತ ಕಾರಣ ಕೊಡುವವರು ಜಾಸ್ತಿ. ನನಗೆ ಹಾಗೆ ಅನ್ನಿಸುವುದಿಲ್ಲ. ಶೆಡ್ ಕಟ್ಟುವುದಕ್ಕೆ ದುಡ್ಡಿದೆ, ಗಾಡಿ ಕೊಳ್ಳುವುದಕ್ಕೂ ದುಡ್ಡಿದೆ. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು, ಅದನ್ನು ನಡೆಸುವುದಕ್ಕೆ ದುಡ್ಡು ಯಾರು ಕೊಡಬೇಕು ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಕೂತು ತೀರ್ಮಾನ ಮಾಡಿಲ್ಲ. ರೋಗ ಇರುವುದು ಅಲ್ಲಿ.

ಮೊದಲು ವ್ಯವಸ್ಥೆ ಏನು ಅಂತ ನೋಡೋಣ. ಕರ್ನಾಟಕದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಸ್ವಚ್ಛ ಭಾರತ್ ಮಿಷನ್ ಗ್ರಾಮೀಣದ ಎರಡನೇ ಹಂತ 2020ರಲ್ಲಿ ಶುರುವಾಯಿತು. ಮೊದಲ ಹಂತದಲ್ಲಿ ಒತ್ತು ಇದ್ದದ್ದು ಹೆಚ್ಚಾಗಿ ಶೌಚಾಲಯದ ಮೇಲೆ, ಎರಡನೆಯದರಲ್ಲಿ ಕಸ ಮತ್ತು ಬಚ್ಚಲು ನೀರಿಗೂ ಒತ್ತು ಬಂತು. ನಮ್ಮಲ್ಲಿ ಕಸ ವಿಂಗಡಿಸುವ ಶೆಡ್ಡಿಗೆ 'ಸ್ವಚ್ಛ ಸಂಕೀರ್ಣ' ಅಂತ ಹೆಸರು, ಗಾಡಿಗೆ 'ಸ್ವಚ್ಛ ವಾಹಿನಿ' ಅಂತ ಹೆಸರು. ನಡೆಸುವುದು ಸಂಜೀವಿನಿ ಒಕ್ಕೂಟದ, ಅಂದರೆ ಸ್ವಸಹಾಯ ಸಂಘಗಳ ಒಕ್ಕೂಟದ ಹೆಂಗಸರು. ಪಂಚಾಯಿತಿ ಮತ್ತು ಒಕ್ಕೂಟದ ನಡುವೆ ಒಪ್ಪಂದ ಆಗುತ್ತದೆ. ಡ್ರೈವಿಂಗ್ ಕಲಿಸಿ ಲೈಸೆನ್ಸ್ ಮಾಡಿಸಿಕೊಡುತ್ತಾರೆ. ಹೆಂಗಸರ ಕೈಗೆ ಸ್ಟೇರಿಂಗ್ ಕೊಟ್ಟ ಈ ಒಂದು ವಿಷಯದಲ್ಲಿ ನನಗೆ ಯಾವ ತಕರಾರೂ ಇಲ್ಲ. ಯೋಜನೆಯಲ್ಲಿ ಅತ್ಯಂತ ಚೆನ್ನಾಗಿ ಆಗಿರುವ ಕೆಲಸ ಅದೇ.

ಊರಿನಲ್ಲಿ ಹಸಿ ಕಸದ ಗೋಜು ಅಷ್ಟಿಲ್ಲ. ಮುಸುರೆ ದನಕ್ಕೆ ಹೋಗುತ್ತದೆ, ಉಳಿದದ್ದು ತಿಪ್ಪೆಗೆ. ನಮ್ಮಜ್ಜಿಯ ಕಾಲದಲ್ಲಿ ಊರಿನಲ್ಲಿ 'ಕಸ' ಅನ್ನುವ ಸಮಸ್ಯೆಯೇ ಇರಲಿಲ್ಲ, ಇದ್ದದ್ದೆಲ್ಲ ಗೊಬ್ಬರ ಆಗುತ್ತಿತ್ತು. ಈಗ ಅದೇ ತಿಪ್ಪೆಯನ್ನು ಹೊಲಕ್ಕೆ ಹೊಡೆದರೆ ನೇಗಿಲಿಗೆ ಶ್ಯಾಂಪೂ ಪೊಟ್ಟಣ, ಗುಟ್ಕಾ ಚೀಟಿ, ಮಕ್ಕಳ ಡೈಪರ್ ಸಿಗುತ್ತವೆ. ನಮ್ಮ ರಾಗಿ ಹೊಲದ ಬದುವಿನ ಮೇಲೆ ಹತ್ತು ಹೆಜ್ಜೆ ನಡೆದು ಎಣಿಸಿದೆ. ಹದಿನೇಳು ಪೊಟ್ಟಣ. ಒಂದೂ ಕೊಳೆತಿರಲಿಲ್ಲ, ಬಣ್ಣ ಮಾತ್ರ ಸ್ವಲ್ಪ ಮಾಸಿತ್ತು. ಅಂದ ಹಾಗೆ, ಗುಟ್ಕಾ, ಪಾನ್ ಮಸಾಲವನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಲೇಬಾರದು ಅಂತ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಲ್ಲೇ ಬರೆದಿದೆ. ಬರೆದದ್ದು ಬರೆದಂತೆಯೇ ಇದೆ.

ಆ ನಿಯಮಗಳಲ್ಲಿ ಇನ್ನೂ ಒಂದು ವಿಷಯ ಇದೆ, ಅದು ಪಂಚಾಯಿತಿಗೆ ನೇರವಾಗಿ ಸಂಬಂಧಪಟ್ಟದ್ದು. 2016ರಲ್ಲಿ ಕಸಕ್ಕೆ ಸಂಬಂಧಿಸಿದ ಎರಡು ನಿಯಮಗಳು ಬಂದವು. ಘನತ್ಯಾಜ್ಯದ್ದು ಮುಖ್ಯವಾಗಿ ನಗರ, ಪಟ್ಟಣ ಮತ್ತು ಪಟ್ಟಣದಂತೆ ಬೆಳೆದ ಊರುಗಳಿಗೆ. ಪ್ಲಾಸ್ಟಿಕ್‌ನದು ಮಾತ್ರ ಹಳ್ಳಿಗೂ ವಿಸ್ತರಿಸಿತು. ಪ್ಲಾಸ್ಟಿಕ್ ಬೇರ್ಪಡಿಸಿ, ಸಂಗ್ರಹಿಸಿ, ಸಾಗಿಸುವುದು ಗ್ರಾಮ ಪಂಚಾಯಿತಿಯ ಜವಾಬ್ದಾರಿ ಅಂತ ಆಯಿತು. ಜವಾಬ್ದಾರಿ ಬಂತು, ಅದರ ಜೊತೆಗೆ ತಿಂಗಳ ಖರ್ಚಿಗೆ ದುಡ್ಡು ಬರಲಿಲ್ಲ. ದೆಹಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಜಿಗೆ. ಮೇಲಿಂದ ಜಾರಿದ್ದೆಲ್ಲ ಕೊನೆಗೆ ಬೀಳುವುದು ಅಲ್ಲಿಗೇ.

ಈಗ ಲೆಕ್ಕಕ್ಕೆ ಬರೋಣ. ಇದು ನಾನೇ ಕೂತು ಹಾಕಿದ ಅಂದಾಜು ಲೆಕ್ಕ, ನಿಮ್ಮೂರಿನ ಸಂಖ್ಯೆ ಹಾಕಿ ನೀವೂ ನೋಡಬಹುದು. 5 ಸಾವಿರ ಜನ, 1,200 ಮನೆ ಇರುವ ಒಂದು ಪಂಚಾಯಿತಿ ಅಂತ ಇಟ್ಟುಕೊಳ್ಳಿ. ಘನತ್ಯಾಜ್ಯಕ್ಕೆ ಸ್ವಚ್ಛ ಭಾರತ್ ಮಿಷನ್ನಿನ ಮಿತಿ, 5 ಸಾವಿರದವರೆಗೆ ಜನಸಂಖ್ಯೆ ಇರುವ ಹಳ್ಳಿಗೆ ತಲೆಗೆ 60 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ ತಲೆಗೆ 45. ಅಂದರೆ ನಮ್ಮ ಲೆಕ್ಕದ ಪಂಚಾಯಿತಿಗೆ 3 ಲಕ್ಷ. ಒಂದೇ ಸಲ. ಬೇರೆ ಅನುದಾನ ಸೇರಿಸಿ ಶೆಡ್ಡು, ಗಾಡಿ ಎಲ್ಲ ಆಯಿತು ಅಂತಲೇ ಅಂದುಕೊಳ್ಳಿ.

ಇನ್ನು ತಿಂಗಳ ಖರ್ಚು. ಡ್ರೈವರ್ ಒಬ್ಬರು, ಗಾಡಿ ಹಿಂದೆ ಒಬ್ಬರು, ಶೆಡ್ಡಿನಲ್ಲಿ ವಿಂಗಡಿಸುವವರು ಇಬ್ಬರು. ಒಟ್ಟು ನಾಲ್ಕು ಜನ. ದೊಡ್ಡ ಸಂಬಳ ಬೇಡ, 2025-26ರ ನರೇಗಾ ಕೂಲಿಯಷ್ಟೇ, ದಿನಕ್ಕೆ 370 ರೂಪಾಯಿಯಂತೆ 26 ದಿನ ಕೊಟ್ಟರೆ ತಲೆಗೆ 9,620. ನಾಲ್ಕು ಜನಕ್ಕೆ 38,480. ಡೀಸೆಲ್‌ಗೆ 9 ಸಾವಿರ, ಇನ್ಶೂರೆನ್ಸು, ರಿಪೇರಿ, ಗ್ಲೌಸು, ಕರೆಂಟು ಎಲ್ಲ ಸೇರಿ ತಿಂಗಳಿಗೆ 4 ಸಾವಿರ. ಒಟ್ಟು 51,480. ವರ್ಷಕ್ಕೆ 6 ಲಕ್ಷ ದಾಟಿತು. ಅಂದರೆ ಒಂದೇ ಸಲ ಬರುವ ಆ 3 ಲಕ್ಷದ ಎರಡರಷ್ಟು ದುಡ್ಡು ಪ್ರತಿ ವರ್ಷ ಬೇಕು, ಅದೂ ಕೂಲಿ ಮಟ್ಟದ ಸಂಬಳಕ್ಕೆ.

ಬರುವ ದುಡ್ಡು? ಮನೆಗೆ 30 ರೂಪಾಯಿ, ಎಲ್ಲರೂ ಕೊಟ್ಟರೆ 36 ಸಾವಿರ. ಅಂಗಡಿ, ಹೋಟೆಲು, ಚಿಕನ್ ಸೆಂಟರ್ ಒಂದು 60 ಇವೆ, ಒಂದೊಂದಕ್ಕೆ 150 ಅಂದರೆ 9 ಸಾವಿರ. ಒಟ್ಟು 45 ಸಾವಿರ. ಆರೂವರೆ ಸಾವಿರ ಕಡಿಮೆ ಬಿತ್ತು. ರಟ್ಟು, ಬಾಟಲಿ ಮಾರಿ ಹೇಗೋ ತುಂಬಿಸಬಹುದು. ಆದರೆ ಅರ್ಧ ಜನ ಮಾತ್ರ ಕೊಟ್ಟರೆ 22,500. ಕೊರತೆ ತಿಂಗಳಿಗೆ 29 ಸಾವಿರದ ಹತ್ತಿರ. ಈ ಎರಡು ಸ್ಥಿತಿಗಳ ನಡುವೆ ಶೆಡ್ ಅದೇ, ಗಾಡಿ ಅದೇ, ಹೆಂಗಸರೂ ಅವರೇ. ಒಂದು ಕಡೆ ಘಟಕ ಬದುಕುತ್ತದೆ, ಇನ್ನೊಂದು ಕಡೆ ಮೊದಲು ಸಂಬಳ ನಿಲ್ಲುತ್ತದೆ, ಆಮೇಲೆ ಗಾಡಿ ವಾರಕ್ಕೊಮ್ಮೆ ಆಗುತ್ತದೆ, ವಾರಕ್ಕೊಮ್ಮೆ ಬರುವ ಗಾಡಿಗೆ ಯಾಕೆ ದುಡ್ಡು ಅಂತ ಕೊಡುತ್ತಿದ್ದವರೂ ನಿಲ್ಲಿಸುತ್ತಾರೆ, ಕೊನೆಗೆ ಒಂದು ದಿನ ಬ್ಯಾಟರಿ ಇಳಿದ ಗಾಡಿ ಪಂಚಾಯಿತಿ ಕಚೇರಿ ಹಿಂದೆ ನಿಂತು ಅದರ ಮೇಲೆ ಕೋಳಿ ಕೂರುತ್ತವೆ.

ಹಾಗಾದರೆ ಸರ್ಕಾರದ ದುಡ್ಡಿನಲ್ಲೇ ಸಂಬಳ ಕೊಡಬಾರದಾ? 15ನೇ ಹಣಕಾಸು ಆಯೋಗದ ಅನುದಾನ ಇತ್ತಲ್ಲ, 2021-22ರಿಂದ 2025-26ರವರೆಗೆ. ಅದರಲ್ಲಿ ನೂರಕ್ಕೆ 60 ಪಾಲು ನಿರ್ಬಂಧಿತ: 30 ಪಾಲು ನೈರ್ಮಲ್ಯಕ್ಕೆ, 30 ಪಾಲು ಕುಡಿಯುವ ನೀರಿಗೆ. ಉಳಿದ 40 ಪಾಲು ಪಂಚಾಯಿತಿ ಇಷ್ಟದ ಕೆಲಸಕ್ಕೆ. ಆದರೆ ಆ 40ನ್ನು ಸಂಬಳ, ಕಚೇರಿ ಖರ್ಚಿಗೆ ಬಳಸುವಂತಿರಲಿಲ್ಲ. ನೈರ್ಮಲ್ಯದ ಪಾಲಿನಲ್ಲಿ ದಾರಿ ಇತ್ತು. ಆದರೆ ಕ್ರಿಯಾ ಯೋಜನೆ ಮಾಡುವಾಗ ಸದಸ್ಯರಿಗೆ ಚರಂಡಿ ಬೇಕು, ಸ್ಲ್ಯಾಬ್ ಬೇಕು. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಚರಂಡಿ ಕಣ್ಣಿಗೆ ಕಾಣುತ್ತದೆ, ಅದಕ್ಕೊಬ್ಬ ಗುತ್ತಿಗೆದಾರ ಇರುತ್ತಾನೆ, ಫೋಟೋ ಹೊಡೆದು ಬಿಲ್ ಮಾಡಬಹುದು. ನಾಲ್ಕು ಹೆಂಗಸರ ಸಂಬಳಕ್ಕೆ ಉದ್ಘಾಟನೆ ಇಲ್ಲ.

ಇದು ಕಸದ ಕಥೆ ಮಾತ್ರ ಅಂತ ತಿಳಿಯಬೇಡಿ. ಶುದ್ಧ ಕುಡಿಯುವ ನೀರಿನ ಘಟಕ ನೆನಪಿದೆಯಾ? ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್ ನೀರು. ಫಿಲ್ಟರ್ ಕೆಟ್ಟು ಬಾಗಿಲು ಹಾಕಿದ ಎಷ್ಟೋ ಘಟಕಗಳನ್ನು ಊರೂರಲ್ಲೂ ನೋಡಬಹುದು. ಸೋಲಾರ್ ಬೀದಿ ದೀಪದ ಕಂಬ ಇರುತ್ತದೆ, ಬ್ಯಾಟರಿ ಸತ್ತಿರುತ್ತದೆ ಅಥವಾ ಕಳುವಾಗಿರುತ್ತದೆ. ಎಲ್ಲ ಕಡೆ ಅದೇ ಕಥೆ, ಹಾಕುವುದಕ್ಕೆ ಯೋಜನೆ ಇದೆ, ಕೆಟ್ಟರೆ ಸರಿ ಮಾಡುವುದಕ್ಕೆ ಇಲ್ಲ.

ಈಗ ಅಪ್ಪನ ಪ್ರಶ್ನೆಗೆ ಬರುತ್ತೇನೆ. ಅದು ನಿಜವಾಗಿಯೂ ಒಳ್ಳೆಯ ಪ್ರಶ್ನೆ. 'ಕಸದಿಂದ ರಸ' ಅಂತ ಘೋಷಣೆ ಮಾಡಿದವರೇ ಉತ್ತರ ಕೊಡಬೇಕಾದದ್ದು. ಒಣ ಕಸ ಮಾರಿ ಘಟಕ ತನ್ನ ಖರ್ಚು ತಾನೇ ನೋಡಿಕೊಳ್ಳುತ್ತದೆ ಅಂತ ಯೋಜನಾ ವರದಿಗಳಲ್ಲಿ ಬರೆಯುವುದುಂಟು. ಬರೆಯುವವರು ಗುಜರಿಯವನನ್ನು ಮರೆತುಬಿಡುತ್ತಾರೆ. ಊರಿನಲ್ಲಿ ಕಬ್ಬಿಣ, ತಗಡು, ಬೀರ್ ಬಾಟಲಿ, ರಟ್ಟು, ಹಳೆ ಪೇಪರ್, ಗಟ್ಟಿ ಪ್ಲಾಸ್ಟಿಕ್ ಹೆಚ್ಚಾಗಿ ಗಾಡಿಗೆ ಹೋಗುವುದೇ ಇಲ್ಲ. ಮೂಲೆಯಲ್ಲಿ ಎತ್ತಿಟ್ಟು, ಗುಜರಿ ಗಾಡಿ ಬಂದಾಗ ತೂಕ ಹಾಕಿಸಿ, ಈರುಳ್ಳಿಗೋ ಬೆಳ್ಳುಳ್ಳಿಗೋ ದುಡ್ಡಿಗೋ ಬದಲಾಯಿಸಿಕೊಳ್ಳುತ್ತೇವೆ. ತಲೆಮಾರುಗಳಿಂದ ನಡೆದುಕೊಂಡು ಬಂದ ಪದ್ಧತಿ. ಒಂದು ಲೆಕ್ಕದಲ್ಲಿ ನಮ್ಮ ದೇಶದ ಮರುಬಳಕೆ ಉದ್ಯಮ ನಿಂತಿರುವುದೇ ಇದರ ಮೇಲೆ. ತಪ್ಪೇನಿಲ್ಲ.

ಮಧ್ಯಾಹ್ನ ಸುಮ್ನೆ ಒಂದು ಸುತ್ತು ಆ ಶೆಡ್ ಕಡೆ ಹೋಗಿದ್ದೆ. ತಂತಿ ಜಾಲರಿ ಹಾಕಿ ಎಂಟು ಖಾನೆ ಮಾಡಿದ್ದಾರೆ. ಹಾಲಿನ ಕವರ್, ನೀರಿನ ಬಾಟಲಿ, ರಟ್ಟು, ಗಾಜು, ಬಟ್ಟೆ, ಚಪ್ಪಲಿ, ಕವರು ಹೀಗೆ ಬೋರ್ಡ್ ಇದೆ. ಬಾಟಲಿ ಖಾನೆಯಲ್ಲಿ ತಳ ಕಾಣುತ್ತಿತ್ತು. ರಟ್ಟು ಒಂದು ಕೈ ಆಗುವಷ್ಟು. ಚಪ್ಪಲಿ ಖಾನೆ ಅರ್ಧ, ಹೆಚ್ಚಿನವು ಒಂಟಿ. ಕೊನೆ ಖಾನೆ ಮಾತ್ರ ಉಕ್ಕಿ ಹೊರಗೆ ಚೆಲ್ಲಿತ್ತು: ಚಿಪ್ಸ್, ಬಿಸ್ಕತ್ತು, ಕುರ್ಕುರೆ, ಶ್ಯಾಂಪೂ, ಸಾಂಬಾರ್ ಪುಡಿ, ಮ್ಯಾಗಿ. ಒಳಗೆ ಬೆಳ್ಳಿ ಬಣ್ಣ, ಹೊರಗೆ ಚಿತ್ರ. ವಿಂಗಡಿಸುತ್ತಿದ್ದ ಅಕ್ಕ ಒಂದು ಪೊಟ್ಟಣ ಹರಿದು ತೋರಿಸಿದರು. ಪದರ ಪದರ ಇರುತ್ತದೆ, ಒಂದಕ್ಕೊಂದು ಅಂಟಿಕೊಂಡು. ಪದರ ಬಿಡಿಸಲು ಆಗದ್ದರಿಂದ ಅದನ್ನು ಕರಗಿಸಿ ಇನ್ನೇನೋ ಮಾಡುವುದು ಕಷ್ಟ. ಗುಜರಿಯವನು ಮುಟ್ಟುವುದಿಲ್ಲ. "ಇದನ್ನ ಯಾರೂ ತಗಳಲ್ಲ ಅಣ್ಣ, ನಾವೇ ದುಡ್ಡು ಕೊಟ್ಟು ಸಾಗಿಸಬೇಕು" ಅಂದರು ಆಕೆ. ಆಕೆಗೆ ಆಗ ಮೂರು ತಿಂಗಳ ಸಂಬಳ ಬಾಕಿ ಇತ್ತು.

ಅಂದರೆ ಪಂಚಾಯಿತಿ ಗಾಡಿ ಎತ್ತುವುದು ಕಸದಲ್ಲಿ ಕಸವನ್ನು. ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ, ಎತ್ತದಿದ್ದರೆ ಮಾತ್ರ ಎಲ್ಲರಿಗೂ ನಷ್ಟ. ಕೆರೆ ಕೋಡಿ ಕಟ್ಟಿಕೊಳ್ಳುತ್ತದೆ, ದನದ ಹೊಟ್ಟೆ ಸೇರುತ್ತದೆ, ಸಂಜೆ ಸಂಜೆ ಯಾರೋ ಬೆಂಕಿ ಹಾಕಿದ ಹೊಗೆ ಮನೆ ಒಳಗೆ ಬರುತ್ತದೆ. ಹಾಗಾಗಿ ಇದನ್ನು ವ್ಯಾಪಾರದ ಕಣ್ಣಿನಿಂದ ನೋಡುವುದೇ ತಪ್ಪು. ಬೀದಿ ದೀಪಕ್ಕೆ, ನಲ್ಲಿ ನೀರಿಗೆ ಖರ್ಚಾಗುತ್ತದಲ್ಲ, ಇದೂ ಹಾಗೆಯೇ ಒಂದು ಸೇವೆ. ಬೀದಿ ದೀಪದಿಂದ ಲಾಭ ಎಷ್ಟು ಬಂತು ಅಂತ ಯಾರೂ ಕೇಳುವುದಿಲ್ಲ.

ಒಂದೇ ಪಂಚಾಯಿತಿ ಒಂಟಿಯಾಗಿ ಆ ಪೊಟ್ಟಣದ ರಾಶಿ ಇಟ್ಟುಕೊಂಡು ಏನೂ ಮಾಡಲಾರದು. ಲಾರಿ ತುಂಬುವಷ್ಟು ಆಗಲೇ ಆರು ತಿಂಗಳು ಬೇಕು. ಇದಕ್ಕೆ ಕರಾವಳಿಯವರು ಒಂದು ದಾರಿ ಹುಡುಕಿದರು. ಉಡುಪಿ ಜಿಲ್ಲೆಯ ವಂಡ್ಸೆ ಪಂಚಾಯಿತಿ ಕಸ ವಿಂಗಡಣೆಗೆ ಆಗಲೇ ಹೆಸರು ಮಾಡಿತ್ತು. ಆಮೇಲೆ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ನಿಭಾಯಿಸುವ ದೊಡ್ಡ ಘಟಕ ಬಂತು, ಅಕ್ಕಪಕ್ಕದ ನಲವತ್ತರ ಆಸುಪಾಸು ಪಂಚಾಯಿತಿಗಳಿಗೆ ಸೇರಿ ಒಂದೇ. ಸಣ್ಣ ಶೆಡ್ಡುಗಳಿಂದ ಕಸ ಅಲ್ಲಿಗೆ ಬರುತ್ತದೆ, ಬೆಲ್ಟ್ ಮೇಲೆ ಹೋಗುವಾಗ ಮತ್ತೆ ವಿಂಗಡಿಸಿ, ಒತ್ತಿ ಬೇಲ್ (ಗಟ್ಟಿ ಕಟ್ಟು) ಮಾಡಿ ಕಳಿಸುತ್ತಾರೆ. ಮಂಗಳೂರು ಹತ್ತಿರದ ತೆಂಕ ಎಡಪದವಿನಲ್ಲೂ ಇಂಥದ್ದೇ ಇನ್ನೊಂದು ಆಯಿತು. ಮಾರಲಾಗದ ಪ್ಲಾಸ್ಟಿಕ್ ಸಾಮಾನ್ಯವಾಗಿ ಹೋಗುವುದು ಸಿಮೆಂಟ್ ಕಾರ್ಖಾನೆಗೆ, ಕಲ್ಲಿದ್ದಲಿನ ಜೊತೆ ಉರಿಯಲು. ಉರಿಸುವುದೂ ಒಂದು ಪರಿಹಾರವೇ ಅಂತ ಕೇಳಿದರೆ, ಪೂರ್ತಿ ಅಲ್ಲ. ಬದುವಿನ ಮೇಲೆ ಉರಿಯುವುದಕ್ಕಿಂತ ವಾಸಿ, ಅಷ್ಟೇ.

ಒಟ್ಟಿಗೆ ಸೇರುವ ಲಾಭ ಇಲ್ಲೇ ಕಾಣುತ್ತದೆ. ಒಂದು ಪಂಚಾಯಿತಿಯ ಒಂದು ಗೋಣಿ ಚೀಲಕ್ಕೆ ಯಾರೂ ಫೋನ್ ಎತ್ತುವುದಿಲ್ಲ, ನಲವತ್ತು ಪಂಚಾಯಿತಿಯ ಲಾರಿಗೆ ಎತ್ತುತ್ತಾರೆ. ಪ್ಲಾಸ್ಟಿಕ್ ಸಂಸ್ಕರಣಾ ಘಟಕಕ್ಕೆ ತಾಲೂಕಿಗೆ 16 ಲಕ್ಷದವರೆಗೆ ಕೊಡುವ ಅವಕಾಶ ಸ್ವಚ್ಛ ಭಾರತ್ ಮಿಷನ್ನಿನಲ್ಲೇ ಇದೆ. ಆದರೆ ಹೀಗೆ ಪಂಚಾಯಿತಿಗಳನ್ನು ಕೂರಿಸಿ ಒಪ್ಪಿಸಬೇಕಾದ್ದು ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಕರ್ನಾಟಕದಲ್ಲಿ ಅವುಗಳ ಚುನಾಯಿತ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಧಿಕಾರಿಗಳು ಚೆನ್ನಾಗಿದ್ದ ಜಿಲ್ಲೆಯಲ್ಲಿ ಕೆಲಸ ಆಯಿತು. ಅವರು ವರ್ಗವಾದ ಮೇಲೆ ಏನಾಗುತ್ತದೆ ಅನ್ನುವುದು ಅವರವರ ಅದೃಷ್ಟ.

ಇನ್ನು ಪೊಟ್ಟಣ ಮಾಡುವ ಕಂಪನಿಗಳು. ಲಾಭ ಅವರದು, ಪೊಟ್ಟಣ ಹೆಕ್ಕುವ ಖರ್ಚು ಪಂಚಾಯಿತಿಯದು, ಇದು ಅನ್ಯಾಯ ಅಂತ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ. ಸರ್ಕಾರಕ್ಕೂ ಗೊತ್ತಿದೆ. ಅದಕ್ಕೇ 2022ರ ಫೆಬ್ರವರಿಯಲ್ಲಿ ಉತ್ಪಾದಕರ ಹೊಣೆಗಾರಿಕೆಯ ಮಾರ್ಗಸೂಚಿ ಬಂತು. ಕಂಪನಿ ಎಷ್ಟು ಪ್ಲಾಸ್ಟಿಕ್ ಮಾರುಕಟ್ಟೆಗೆ ಬಿಡುತ್ತದೋ ಅದರ ಲೆಕ್ಕಕ್ಕೆ ತಕ್ಕಂತೆ ವಿಲೇವಾರಿ ಆಗಿದೆ ಅಂತ ಸರ್ಟಿಫಿಕೇಟ್ ತೋರಿಸಬೇಕು. ಒಳ್ಳೆಯ ಆಲೋಚನೆ. ಆದರೆ ಆ ಸರ್ಟಿಫಿಕೇಟ್ ಹುಟ್ಟುವುದು ಸರಪಳಿಯ ಕೊನೆಯಲ್ಲಿ, ನೋಂದಾಯಿತ ಮರುಬಳಕೆ ಅಥವಾ ಸಂಸ್ಕರಣಾ ಘಟಕದಲ್ಲಿ. ಕಂಪನಿ ದುಡ್ಡು ಕೊಡುವುದು ಅಲ್ಲಿಗೆ. ನಮ್ಮೂರ ಶೆಡ್ಡಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪೊಟ್ಟಣ ಹೆಕ್ಕಿದ ಅಕ್ಕನವರೆಗೆ ಅದು ಇಳಿದು ಬರಬೇಕು ಅಂತ ಯಾವ ಕಟ್ಟುಪಾಡೂ ಇಲ್ಲ. ಮಧ್ಯದಲ್ಲಿ ಎಷ್ಟು ಕೈಗಳಿವೆಯೋ ಅಷ್ಟು ಕಡೆ ಸೋರುತ್ತದೆ. ಅದೂ ಸಾಲದು ಅಂತ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟ್ ಸಿಕ್ಕವು. ಪ್ಲಾಸ್ಟಿಕ್ಕೇ ಮುಟ್ಟದೆ ಸರ್ಟಿಫಿಕೇಟ್ ಮಾಡಿ ಮಾರುವುದು! ತಿಪ್ಪೆ ಸಾರಿಸುವುದು ಅಂದರೆ ಇದೇ ಇರಬೇಕು.

ಗಡಿಯಾಚೆ ಕಾಸರಗೋಡಿನ ಕನ್ನಡಿಗರನ್ನು ಕೇಳಿದರೆ ಅವರು ಬೇರೆಯೇ ಅನುಭವ ಹೇಳುತ್ತಾರೆ. ಅಲ್ಲಿ ಕಸ ಎತ್ತುವವರು ಹರಿತ ಕರ್ಮಸೇನೆಯ ಹೆಂಗಸರು, ಕನ್ನಡದಲ್ಲಿ ಹಸಿರು ಕ್ರಿಯಾಸೇನೆ ಅಂತಲೂ ಅನ್ನುತ್ತಾರೆ. ತಿಂಗಳಿಗೊಮ್ಮೆ ಬಂದು ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ ತೆಗೆದುಕೊಂಡು ಹೋಗುತ್ತಾರೆ, ಹಳ್ಳಿ ಕಡೆ ಸಾಮಾನ್ಯವಾಗಿ ಮನೆಗೆ 50 ರೂಪಾಯಿ. ಮನೆ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಯಾರು ಕೊಟ್ಟರು, ಯಾರು ಕೊಟ್ಟಿಲ್ಲ ಎಲ್ಲ ದಾಖಲೆ. ಅಲ್ಲೂ ಮೊದಲಿಗೆ ಜನ ಕೊಡಲಿಲ್ಲ, ಜಗಳ ಮಾಡಿದರು. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದು ಹತ್ತು ದಿನಕ್ಕೂ ಮೀರಿ ಇಡೀ ನಗರ ಹೊಗೆ ಕುಡಿಯಿತು. ಆಮೇಲೆ ಕೇರಳ ಸರ್ಕಾರ ಕಾನೂನು ತಿದ್ದಿತು. ಶುಲ್ಕ ಬಾಕಿ ಉಳಿಸಿಕೊಂಡರೆ ತೆರಿಗೆ ಬಾಕಿಯಂತೆ ವಸೂಲಿ ಮಾಡುವ ಅಧಿಕಾರ ಪಂಚಾಯಿತಿಗೆ ಸಿಕ್ಕಿತು. ರಸೀದಿ ಪುಸ್ತಕ ಹಿಡಿದ ಹೆಂಗಸಿನ ಹಿಂದೆ ಕಾನೂನು ನಿಂತಿತು.

ನಮ್ಮಲ್ಲಿ ಆಕೆ ಒಬ್ಬಳೇ ನಿಂತಿದ್ದಾಳೆ. ಊರಿನ ಹೆಣ್ಣುಮಗಳು ಊರಿನವರ ಮುಂದೆಯೇ ಕೈ ಚಾಚಬೇಕು. ಸಂಬಂಧಿಕರು, ಪರಿಚಯದವರು, ಜಾತಿಯಲ್ಲಿ ಮೇಲು ಅಂದುಕೊಂಡವರು, ಸದಸ್ಯರ ಮನೆಯವರು. "ಇವತ್ತು ಚಿಲ್ಲರೆ ಇಲ್ಲ, ನಾಳೆ ಬಾ" ಅಂದರೆ ಏನು ಮಾಡಲಾದೀತು? ಕಂದಾಯ ವಸೂಲಿಗೆ ಬಿಲ್ ಕಲೆಕ್ಟರ್ ಇದ್ದಾರೆ. ಮನೆ ತೆರಿಗೆ ಬಾಕಿ ಇದ್ದರೆ ಇ-ಸ್ವತ್ತು (ಆಸ್ತಿಯ ಆನ್‌ಲೈನ್ ದಾಖಲೆ) ಮಾಡಿಸಲು ಹೋದಾಗ ಕಟ್ಟಿಸಿಕೊಳ್ಳುತ್ತಾರೆ, ಆಗ ಯಾರೂ ಚಿಲ್ಲರೆ ಇಲ್ಲ ಅನ್ನುವುದಿಲ್ಲ. ಕಸದ ಶುಲ್ಕವನ್ನೂ ಅದೇ ಡಿಮ್ಯಾಂಡ್ ನೋಟಿಸಿಗೆ ಸೇರಿಸಿಬಿಟ್ಟರೆ ಆಕೆ ಗಾಡಿ ಓಡಿಸುವ ಕೆಲಸ ಮಾತ್ರ ಮಾಡಬಹುದು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಇದನ್ನೇ ಮಾಡಿದರು. ಆಸ್ತಿ ತೆರಿಗೆ ಜೊತೆ ಕಸದ ಶುಲ್ಕ, ಕಟ್ಟಡದ ಅಳತೆ ನೋಡಿ ಮನೆಗೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ಜನ ಬೈದರು. ಬೈಯಲು ಕಾರಣವೂ ಇತ್ತು, ಗಾಡಿ ಸರಿಯಾಗಿ ಬಾರದ ಬೀದಿಯವರು ಯಾಕೆ ಕಟ್ಟಬೇಕು? ಆದರೆ ಮನೆ ಅಳತೆಗೆ ತಕ್ಕ ಶುಲ್ಕ ಅನ್ನುವ ಲೆಕ್ಕ ನನಗೆ ಸರಿ ಅನ್ನಿಸಿತು.

ಹಳ್ಳಿಗೂ ಅದೇ ಬೇಕು. ಕೂಲಿ ಮಾಡುವ ಮನೆಗೂ 30, ನಾಲ್ಕು ಬೆಡ್‌ರೂಮಿನ ಮನೆಗೂ 30, ಒಂದು ಮದುವೆಗೆ ಗಾಡಿಗಟ್ಟಲೆ ಪ್ಲಾಸ್ಟಿಕ್ ಲೋಟ ಸುರಿಯುವ ಕಲ್ಯಾಣ ಮಂಟಪಕ್ಕೆ 150 ಅಂದರೆ ಹೇಗೆ? ಕೊಡಗು, ಚಿಕ್ಕಮಗಳೂರು ಕಡೆ ಹೋಂಸ್ಟೇಗಳಿವೆ, ಹೆದ್ದಾರಿ ಬದಿಯ ಪಂಚಾಯಿತಿಗಳಲ್ಲಿ ಡಾಬಾಗಳಿವೆ. ನನ್ನ ಲೆಕ್ಕದಲ್ಲಿ ಆ ಕೊರತೆ ತುಂಬುವುದು ಬಡವರ ಮನೆಯ 30 ರೂಪಾಯಿಯಿಂದಲ್ಲ, ಇಂಥವರಿಂದ. ಗ್ರಾಮಸಭೆಯಲ್ಲಿ ಇದನ್ನು ಎತ್ತಿದರೆ ಮೊದಲು ಎದ್ದು ನಿಲ್ಲುವವರೂ ಇವರೇ. ಯಾಕೆಂದರೆ ಕಲ್ಯಾಣ ಮಂಟಪ ಯಾರದ್ದಾಗಿರುತ್ತದೆ ಅಂತ ಊರಿಗೆಲ್ಲ ಗೊತ್ತು.

ಕಟ್ಟುವ ಮೊದಲೇ ನಡೆಸುವ ಖರ್ಚು ಯೋಚಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಹತ್ತಿರದಲ್ಲೇ ಒಂದು ಉದಾಹರಣೆ ಇದೆ. ದೇವನಹಳ್ಳಿ ಪುರಸಭೆ 2015ರಲ್ಲಿ ಶೌಚ ಗುಂಡಿಯ ಮಲದ ಹೂಳನ್ನು ಸಂಸ್ಕರಿಸುವ ಘಟಕ ಶುರು ಮಾಡಿತು. ಊರಿನ ಮಟ್ಟದಲ್ಲಿ ಇಂಥದ್ದು ದೇಶದಲ್ಲೇ ಮೊದಲು. ಸಾಮರ್ಥ್ಯ ದಿನಕ್ಕೆ 6 ಸಾವಿರ ಲೀಟರ್, ಅಷ್ಟೇನೂ ದೊಡ್ಡದಲ್ಲ. ದೊಡ್ಡ ದೊಡ್ಡ ಯಂತ್ರ ಇಲ್ಲ, ಹೂಳು ಇಳಿಜಾರಿನಲ್ಲಿ ತಾನೇ ಹರಿದು, ಒಣಗುವ ಹಾಸಿನ ಮೇಲೆ ಬಿದ್ದು, ಕೊನೆಗೆ ಗೊಬ್ಬರಕ್ಕೆ ಸೇರುತ್ತದೆ. ಇಡೀ ಊರಿಗೆ ಒಳಚರಂಡಿ ಅಗೆದು ದೊಡ್ಡ ಪ್ಲಾಂಟ್ ಹಾಕಿಸಿದ್ದರೆ ಫೋಟೋ ಚೆನ್ನಾಗಿ ಬರುತ್ತಿತ್ತು. ಕರೆಂಟ್ ಬಿಲ್ ಕಟ್ಟುವಾಗ ಕಷ್ಟ ಗೊತ್ತಾಗುತ್ತಿತ್ತು.

ಎತ್ತಿದ ಕಸವನ್ನು ವಿಂಗಡಿಸದೆ ಒಂದು ಕಡೆ ಸುರಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಹುಡುಕಬೇಕಿಲ್ಲ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಅಡಿಕೆ, ತೆಂಗಿನ ತೋಟಗಳನ್ನು ಮುಚ್ಚಿಹಾಕಿತು. ಬೆಂಗಳೂರಿನ ಕಸ ಮಾವಳ್ಳಿಪುರ, ಮಂಡೂರಿನ ಜನರ ಬದುಕನ್ನು ಏನು ಮಾಡಿತು ಅನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ. ಹಳ್ಳಿಯ ಕಸ ಅಷ್ಟು ದೊಡ್ಡ ಗುಡ್ಡ ಆಗುವುದಿಲ್ಲ, ಹಾಗಾಗಿ ಸುದ್ದಿಯೂ ಆಗುವುದಿಲ್ಲ. ಹೊಲದ ಬದುವಿನ ಮೇಲೆ ಹತ್ತು ಹೆಜ್ಜೆಗೆ ಹದಿನೇಳು ಪೊಟ್ಟಣದಂತೆ ಹರಡಿಕೊಂಡಿರುತ್ತದೆ.

ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಗಾಡಿ ಮತ್ತೆ ಬಂತು. ನಾನು 240 ರೂಪಾಯಿ ಕೊಡಲು ಹೋದೆ, ಅಪ್ಪ ತಡೆದರು. "ಮನೆ ನಂದು, ನೀನ್ಯಾಕೆ ಕೊಡ್ತೀಯ" ಅಂತ ತಾವೇ ಅಂಗಿ ಜೇಬಿನಿಂದ ತೆಗೆದು ಎಣಿಸಿ ಕೊಟ್ಟರು. ಆಕೆ ಒಂದೊಂದು ತಿಂಗಳಿಗೂ ಒಂದೊಂದು ರಸೀದಿ ಹರಿಯುತ್ತಾ ಎಂಟು ಸಲ ಅಪ್ಪನ ಹೆಸರು ಬರೆದರು, ಹಿಂದಿನಿಂದ ಹಾಲಿನ ವ್ಯಾನಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ಗಾಡಿ ಹೋದ ಮೇಲೆ ನೋಡಿದರೆ, ಹಬ್ಬಕ್ಕೆ ತಂದಿದ್ದ ಮಿಕ್ಸಿಯ ರಟ್ಟಿನ ಡಬ್ಬ, ಎರಡು ಎಣ್ಣೆ ಕ್ಯಾನು, ನಾಲ್ಕು ಬಾಟಲಿ ಕೊಟ್ಟಿಗೆ ಮೂಲೆಯಲ್ಲಿ ನೀಟಾಗಿ ಜೋಡಿಸಿಟ್ಟಿದ್ದವು. "ಅದು ಗುಜರಿಯವನಿಗೆ" ಅಂದರು ಅಪ್ಪ.